ಎರಡು ಅಡಿ ಆಳದ ಮಣ್ಣು

ಫೆಬ್ರವರಿ 6

ತಮ್ಮಾ,

ಹೋದ ಅಕ್ಟೋಬರ್ ಹದಿನೇಳನೇ ತಾರೀಕು, ಬೆಳಗ್ಗೆ ಹತ್ತೂವರೆಗೆ, ನಗರಸಭೆಯವರು ನಮ್ಮ ಬೀದಿಯ ಏಳು ಮರಗಳ ಬುಡಕ್ಕೂ ಕಾಂಕ್ರೀಟ್ ಸುರಿದರು. ಒಂದು ಗೇಣು ಮಣ್ಣನ್ನೂ ಬಿಡಲಿಲ್ಲ. ತೊಗಟೆಗೆ ತಾಗಿಸಿ, ಕರಣೆಯಿಂದ ಒತ್ತಿ ನುಣ್ಣಗೆ ಮಾಡಿ, ಒಣಗುವ ಮುಂಚೆ ಯಾರೂ ಕಾಲಿಡಬಾರದೆಂದು ಹಗ್ಗ ಕಟ್ಟಿ ಹೋದರು. ಆ ಹೊತ್ತಿಗೆ ನಾನು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಹಿಂತಿರುಗಿದಾಗ ಮನೆಯೆದುರಿನ ಮೂರನೇ ಮರ, ನಿನ್ನ ಮರ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಬಿಗಿ ಅಂಗಿ ತೊಟ್ಟವರ ಹಾಗೆ ನಿಂತಿತ್ತು.

ಅಲ್ಲಿಂದ ಇಲ್ಲಿಯವರೆಗೆ ಒಂಬತ್ತು ಅರ್ಜಿ ಕೊಟ್ಟಿದ್ದೇನೆ. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಅವರು ಕಳಿಸಿದ ಎರಡು ಉತ್ತರಗಳಲ್ಲಿ ಹದಿನಾಲ್ಕು ತಪ್ಪು ಕೆಂಪು ಶಾಯಿಯಲ್ಲಿ ಗುರುತಿಸಿ ಹಿಂದಕ್ಕೆ ಕಳಿಸಿದೆ. ಕಚೇರಿಯಲ್ಲಿ ನನಗೆ ‘ತಿದ್ದುಪಡಿ ಅಮ್ಮ’ ಎಂದು ಹೆಸರಾಗಿದೆ. ನಾನು ಮೆಟ್ಟಿಲು ಹತ್ತುವುದು ಕಂಡರೆ ಗುಮಾಸ್ತ ಒಳಗೆ ತಿರುಗಿ, “ತಿದ್ದುಪಡಿ ಅಮ್ಮ ಬಂದ್ರು, ಬರೆದಿದ್ದನ್ನೆಲ್ಲ ಮುಚ್ಚಿಡ್ರಪ್ಪ” ಅನ್ನುತ್ತಾನೆ. ಕಿವಿ ಮಂದವಾಗಿದ್ದರೂ ಅಂಥದ್ದು ಚೆನ್ನಾಗಿ ಕೇಳಿಸುತ್ತದೆ.

ಇಂಜಿನಿಯರ್ ಹೇಳುವುದು ಇಷ್ಟು: ಮರಗಳಿಗೆ ನೀರು ಕೆಳಗಿನಿಂದ ಬರುತ್ತದೆ, ಮೇಲೆ ಏನು ಹಾಕಿದರೂ ತೊಂದರೆಯಿಲ್ಲ, ಇದಕ್ಕೆ ತಜ್ಞರೊಬ್ಬರ ವರದಿ ಇದೆ. ವರದಿಯ ಪ್ರತಿಗೆ ಹಣ ಕಟ್ಟಿ ಬಂದಿದ್ದೇನೆ. ಕೊಡುವುದಕ್ಕೆ ಎಷ್ಟು ದಿನ ತೆಗೆದುಕೊಳ್ಳುತ್ತಾರೋ. ಅಷ್ಟರಲ್ಲಿ ಮೊದಲನೇ ಮರವೂ ಐದನೆಯದೂ ಎಲೆ ಉದುರಿಸಿ ಬೋಳಾಗುತ್ತಿವೆ. ನಮ್ಮ ಮನೆಯ ತರಕಾರಿ ತೊಳೆದ ನೀರು ಈಗ ಕಾಂಕ್ರೀಟಿನ ಮೇಲೆ ಸರ್ರನೆ ಹರಿದು ಚರಂಡಿ ಸೇರುತ್ತದೆ.

ಇಪ್ಪತ್ತಾರು ವರ್ಷದಿಂದ ಮಣ್ಣಿನ ಪ್ರಯೋಗಾಲಯದಲ್ಲಿ ಕೂತಿರುವ ತಮ್ಮನನ್ನು ಇಟ್ಟುಕೊಂಡು ನಾನು ಬರಿಗೈಯಲ್ಲಿ ಜಗಳವಾಡುವುದೇ? ಮಣ್ಣಿನಲ್ಲಿ ನೀರು ಹೇಗೆ ಓಡಾಡುತ್ತದೆ, ಬೇರಿಗೆ ಹೇಗೆ ಸಿಗುತ್ತದೆ ಎಂದು ನನ್ನಂಥವಳಿಗೆ ತಿಳಿಯುವ ಹಾಗೆ ಬರೆ. ನಾಲ್ಕು ವರ್ಷದ ಹಿಂದೆ, ಮೇ ಕೊನೆಯಲ್ಲಿ, ನೀನು ಕೇಳಿದೆಯೆಂದು ಇದೇ ಬೀದಿಯ ಮಣ್ಣು ಅಗೆದು ಕಟ್ಟಿ ಕಳಿಸಿದ್ದೆನಲ್ಲ, ಅದನ್ನು ಪರೀಕ್ಷಿಸಿದ ಅಂಕಿಗಳಿದ್ದರೆ ಅವನ್ನೂ ಕಳಿಸು. ಫೋನ್ ಮಾಡಬೇಡ. ಅರ್ಧ ಕೇಳಿಸುತ್ತದೆ, ಇನ್ನರ್ಧ ನಾನೇ ಊಹಿಸಿಕೊಂಡು ಬೇಜಾರು ಮಾಡಿಕೊಳ್ಳುತ್ತೇನೆ.

ನಿನ್ನ ಅಕ್ಕ


ಫೆಬ್ರವರಿ 27

ಅಕ್ಕಾ,

ತಡವಾಯಿತು. ಕೆಲಸವಿತ್ತು ಎಂದರೆ ನೀನು ನಂಬುವುದಿಲ್ಲ, ಆದರೂ ಇತ್ತು.

ಕೇಳಿದ್ದಕ್ಕೆ ಉತ್ತರ. ಮಳೆ ಬಿದ್ದಾಗ ನೀರು ಮೊದಲು ಮಣ್ಣಿನ ದೊಡ್ಡ ಸಂದುಗಳಲ್ಲಿ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಅದು ಎರಡು ಮೂರು ದಿನದ ಆಟ. ಆಮೇಲೆ ಉಳಿಯುವುದು ಸಣ್ಣ ಸಂದುಗಳಲ್ಲಿ ಸಿಕ್ಕಿಕೊಂಡದ್ದು, ಕಣಗಳ ಮೈಗೆ ತೆಳು ಪೊರೆಯಾಗಿ ಅಂಟಿಕೊಂಡದ್ದು. ಈ ನೀರು ಕೆಳಗೇ ಹೋಗಬೇಕೆಂದೇನಿಲ್ಲ. ಸೀಮೆಎಣ್ಣೆ ಒಲೆಯ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಮೇಲಕ್ಕೂ ಬರುತ್ತದೆ, ಪಕ್ಕಕ್ಕೂ ಸರಿಯುತ್ತದೆ. ಎಲ್ಲಿ ಹೆಚ್ಚು ಒಣಗಿದೆಯೋ ಅತ್ತ. ಬೇರು ತನ್ನ ಸುತ್ತಲಿನದನ್ನು ಹೀರಿದಾಗ ಅಲ್ಲಿ ಒಣಗುತ್ತದೆ. ಆ ಒಣಗಿದ ಜಾಗಕ್ಕೆ ನೆರೆಯ ಮಣ್ಣಿನ ತೇವ ಬರುತ್ತದೆ. ಆದರೆ ಬಹಳ ನಿಧಾನ, ಅದೂ ಬಹಳ ಹತ್ತಿರದಿಂದ ಮಾತ್ರ. ಮಣ್ಣು ಒಣಗಿದಷ್ಟೂ ಪೊರೆ ತೆಳುವಾಗುತ್ತದೆ, ದಾರಿ ಅಲ್ಲಲ್ಲಿ ಕಡಿದುಹೋಗುತ್ತದೆ. ಹಾಗಾದ ಮೇಲೆ ನೀರು ಬೇರಿನ ಹತ್ತಿರ ಬರುವುದಿಲ್ಲ, ಬೇರು ತಾನೇ ನೀರಿದ್ದಲ್ಲಿಗೆ ಹೋಗಬೇಕು.

ಇನ್ನೊಂದು. ನಮ್ಮ ಬೀದಿಯದು ಜೇಡಿಮಣ್ಣು. ಅದರಲ್ಲಿ ನೀರು ಇದ್ದರೂ ಸಿಗದಿರಬಹುದು. ಮಣ್ಣೇ ಬಿಗಿಯಾಗಿ ಹಿಡಿದುಕೊಂಡುಬಿಡುತ್ತದೆ. ತೂಗಿ ನೋಡಿದರೆ ತೇವ ಇದೆ, ಮರ ಮಾತ್ರ ಬಾಯಾರಿ ಸಾಯುತ್ತಿರುತ್ತದೆ.

ದೊಡ್ಡ ಮರವಾದರೂ ಹೆಚ್ಚು ಕುಡಿಯುವುದು ಕೂದಲಿನಷ್ಟು ಸಣ್ಣ ಬೇರುಗಳಿಂದ, ಅವು ಇರುವುದು ಮೇಲಿನ ಒಂದೆರಡು ಅಡಿಯಲ್ಲಿ. ಮೇಲಿನಿಂದ ಮಳೆ ಇಳಿಯದಿದ್ದರೆ ಅವು ಒಂದೊಂದಾಗಿ ಸಾಯುತ್ತವೆ.

ಒಂದು ಕೊಳವೆ ಕಳಿಸುತ್ತಿದ್ದೇನೆ. ತುದಿಯಲ್ಲಿ ಸುಟ್ಟ ಮಣ್ಣಿನ ಮೂತಿ, ಮೇಲೆ ಗಡಿಯಾರದಂಥ ಮುಳ್ಳು. ಒಳಗೆ ನೀರು ತುಂಬಿ, ಮುಚ್ಚಳ ಬಿಗಿದು, ಎರಡು ಅಡಿ ಆಳಕ್ಕೆ ಇಳಿಸು. ಒಣಮಣ್ಣು ಮೂತಿಯ ಮೂಲಕ ನೀರನ್ನು ಎಳೆಯುತ್ತದೆ, ಎಳೆದಷ್ಟೂ ಮುಳ್ಳು ಏರುತ್ತದೆ. ಸೊನ್ನೆಯ ಹತ್ತಿರ ಇದ್ದರೆ ಮಣ್ಣು ತಣಿದಿದೆ ಎಂದು. ಎಪ್ಪತ್ತು ದಾಟಿದರೆ ಕಷ್ಟ.

ಆ ವರದಿಗೆಲ್ಲ ಹಣ ಕಟ್ಟಿ ಓಡಾಡಬೇಡ. ಹಳೇ ಕಡತ ಕೆದಕಿ ಏನು ಸಿಗುತ್ತದೆ? ಮುಳ್ಳಿನ ಅಂಕಿ ಬರೆದಿಡು, ಅದೇ ಸಾಕ್ಷಿ.

ಎರೆಹುಳ


ಮಾರ್ಚ್ 14

ಎರೆಹುಳವೇ,

ಆ ಹೆಸರಲ್ಲಿ ನೀನು ಸಹಿ ಹಾಕಿ ಎಷ್ಟು ವರ್ಷವಾಯಿತು. ಲಕೋಟೆ ಒಡೆದವಳು ಅಡುಗೆಮನೆಯಲ್ಲಿ ನಿಂತೇ ಓದಿದೆ, ಒಲೆ ಮೇಲಿನ ಹಾಲು ಉಕ್ಕಿತು. ಪರವಾಗಿಲ್ಲ.

ನಿನ್ನ ಪತ್ರವನ್ನು ಇಂಜಿನಿಯರಿಗೆ ಓದಿ ಹೇಳಿದೆ. ಬತ್ತಿಯ ಮಾತಿಗೆ ಆತ ತಲೆದೂಗಿದ. ಹುಡುಗ ಕೆಟ್ಟವನಲ್ಲ, ನನ್ನ ಎದುರಿಗೆ ಕೂತಾಗ ಕೈಗಡಿಯಾರ ನೋಡುವುದನ್ನಾದರೂ ಬಿಟ್ಟಿದ್ದಾನೆ. ಕೊನೆಗೆ, “ಅಮ್ಮಾ, ನಿಮ್ ತಮ್ಮ ಹೇಳೋದು ಎಲ್ಲಾ ಮಣ್ಣಿಗೂ ಸರಿ ಇರಬಹುದು. ಆದ್ರೆ ನಮ್ಮ ತಜ್ಞರು ಈ ಬೀದಿ ಮಣ್ಣನ್ನೇ ಪರೀಕ್ಷೆ ಮಾಡಿದಾರೆ. ಬೇಸಿಗೆ ಕೊನೇಲೂ ಎರಡಡಿ ಕೆಳಗೆ ಒದ್ದೆ ಇತ್ತು ಅಂತ ಬರೆದಿದಾರೆ” ಎಂದ.

“ಯಾವ ತಜ್ಞನಪ್ಪ ಅವನು? ಈ ಬೀದಿಗೆ ಬಂದಿದ್ದನ್ನ ನಾನಂತೂ ನೋಡಲಿಲ್ಲ” ಅಂದೆ. “ನೀವು ಎಲ್ರನ್ನೂ ನೋಡ್ತೀರಾ?” ಎಂದು ಕೇಳಿದ. “ನೋಡ್ತೀನಿ” ಎಂದೆ. ನಿಜವೇ ತಾನೇ? ಎದುರುಮನೆ ದರ್ಜಿಯ ಅಂಗಡಿಗೆ ಯಾರು ಎಷ್ಟು ಸಲ ಅಳತೆ ಕೊಡಲು ಬಂದರು ಎನ್ನುವುದೂ ನನಗೆ ಗೊತ್ತು. ಹಾರೆ ಹಿಡಿದವನೊಬ್ಬ ಬಂದು ಎರಡು ಅಡಿ ಅಗೆದು ಹೋಗಿದ್ದರೆ ಕಾಣದೆ ಇರುತ್ತಿತ್ತೇ? ಕೂತಲ್ಲೇ ಕೂತು, ಯಾವುದೋ ಬಾವಿಕಟ್ಟೆಯ ಮಣ್ಣು ತರಿಸಿಕೊಂಡು ಬರೆದಿದ್ದಾನೆ. ಇಂಥವರು ಮಣ್ಣು ತಿನ್ನುವ ಕೆಲಸ ಮಾಡಿ ಮಣ್ಣಿನ ತಜ್ಞರಾಗುತ್ತಾರೆ. ಅವನ ಹೆಸರು ಕೈಗೆ ಸಿಗಲಿ, ಆಮೇಲೆ ನೋಡು.

ಸೈಕಲ್ ರಿಪೇರಿಯವನು ಹಾರೆಯಿಂದ ನಿನ್ನ ಮರದ ಹತ್ತಿರ ಕಾಂಕ್ರೀಟಿನಲ್ಲಿ ಮುಷ್ಟಿಯಗಲದ ತೂತು ಕೊರೆದುಕೊಟ್ಟ. ಇಬ್ಬರೂ ಸೇರಿ ಕೊಳವೆ ಇಳಿಸಿದೆವು. ಐದನೇ ತಾರೀಕು ನಲವತ್ತೊಂದು. ಎಂಟಕ್ಕೆ ನಲವತ್ತಾರು. ಇವತ್ತು ಐವತ್ತೆರಡು. ಬೀದಿಯವರೆಲ್ಲ ಬಂದು ಬಗ್ಗಿ ನೋಡಿ, ಜ್ವರ ಎಷ್ಟಿದೆ ಎಂದು ಕೇಳಿ ಹೋಗುತ್ತಾರೆ.

ಒಂದು ಕೆಟ್ಟ ಸುದ್ದಿ. ಬೋಳಾದ ಮರ ಬಿದ್ದರೆ ಅಪಾಯವೆಂದು ಏಳನ್ನೂ ಕಡಿಯುವ ಪ್ರಸ್ತಾಪ ಬಂದಿದೆ. ಜೂನ್ ಒಂಬತ್ತರಂದು ಬೆಳಗ್ಗೆ ಹತ್ತೂವರೆಗೆ ಸಾರ್ವಜನಿಕ ಸಭೆ. ಆ ವರದಿ ಸುಳ್ಳೆಂದು ತೋರಿಸಿದರೆ ಕಾಂಕ್ರೀಟ್ ಒಡೆಸಬೇಕಾಗುತ್ತದೆ. ಇಲ್ಲದಿದ್ದರೆ ಮರಗಳೇ ಯಾವುದೋ ರೋಗದಿಂದ ಸತ್ತವು ಎಂದು ಬರೆದುಕೊಳ್ಳುತ್ತಾರೆ.

ನಾನು ಕಳಿಸಿದ್ದ ಮಣ್ಣಿನ ಅಂಕಿ ಕೇಳಿದ್ದೆ. ನೀನು ಅದನ್ನು ಬರೆಯಲೇ ಇಲ್ಲ.

ಅಕ್ಕ


ಮಾರ್ಚ್ 30

ಅಕ್ಕಾ,

ಪತ್ರ ಸಿಕ್ಕಿತು. ಇಲ್ಲಿ ತಪಾಸಣೆಯವರು ಬಂದಿದ್ದಾರೆ, ಪುರುಸೊತ್ತಿಲ್ಲ. ಮುಳ್ಳು ಎಪ್ಪತ್ತು ದಾಟಿದರೆ ತಿಳಿಸು. ಆರೋಗ್ಯ ನೋಡಿಕೋ.

ತಮ್ಮ


ಏಪ್ರಿಲ್ 19

ತಮ್ಮಾ,

ಎಪ್ಪತ್ತೆಂಟು.

ಕಾರ್ಡಿನಲ್ಲಿ ನೀನು ಮೂರು ಸಾಲು ಬರೆದಿದ್ದೆ. ಅದರ ಹಿಂದೆಯೂ ಏನಾದರೂ ಇದೆಯೇನೋ ಎಂದು ತಿರುಗಿಸಿ ನೋಡಿದೆ. ನಿನಗೆ ಬೇಸರವಾಗುವಂಥದ್ದು ಏನು ಬರೆದೆನೋ ಗೊತ್ತಾಗಲಿಲ್ಲ. ‘ಅಂಕಿ ಬರೆಯಲೇ ಇಲ್ಲ’ ಎಂದದ್ದು ಆಕ್ಷೇಪಣೆಯ ಹಾಗೆ ಕೇಳಿಸಿದ್ದರೆ ಬಿಡು. ಹಳೇ ಪೊಟ್ಟಣ, ಕಳೆದುಹೋಗಿರಬಹುದು.

ನಿನ್ನ ಮರದ ಎಲೆಗಳು ಮಧ್ಯಾಹ್ನಕ್ಕೆ ಅಂಚು ಸುರುಟಿಕೊಳ್ಳುತ್ತಿವೆ. ಸಂಜೆ ಬಿಡಿಸಿಕೊಳ್ಳುತ್ತಿದ್ದವು, ಈ ವಾರ ಸಂಜೆಯೂ ಬಿಡಿಸಿಕೊಳ್ಳಲಿಲ್ಲ. ಅದನ್ನು ನೆಟ್ಟಾಗ ನಿನಗೆ ಹನ್ನೊಂದು ವರ್ಷ. ಬೀದಿಯ ಏಳು ಗುಂಡಿ ಏಳು ಮನೆಗೆ ಹಂಚಿದ್ದರು, ನಮ್ಮದು ಮೂರನೆಯದು. ಗುಂಡಿ ಸಾಲದು ಎಂದು ನೀನೇ ಇಳಿದು ಇನ್ನೊಂದು ಮೊಳ ಅಗೆದೆ. ಅಮ್ಮ ಬಾಗಿಲಲ್ಲಿ ನಿಂತು, “ಸಾಕು ಬಾರೋ, ಆ ಕಡೆಯಿಂದ ಹೊರಗೆ ಬಂದುಬಿಡ್ತೀಯ” ಎಂದರು. ಆ ದಿನದಿಂದ ನೀನು ಎರೆಹುಳ. ಕೆಲಸ ಸಿಕ್ಕಿ ಹೊರಟಾಗ ಪೆಟ್ಟಿಗೆ ಕೆಳಗಿಟ್ಟು, “ನನ್ನ ಮರ ನೋಡ್ಕೋ ಅಕ್ಕ” ಎಂದು ಹೇಳಿ ಹೋದೆ. ನೆನಪಿದೆಯೇ?

ನನಗೆ ಎಲ್ಲ ನೆನಪಿರುತ್ತದೆ, ಅದೇ ತೊಂದರೆ. ನೀನು ಕೊನೆಯ ಸಲ ಬಂದು ಹೋಗಿ ಹನ್ನೊಂದು ವರ್ಷ. ಅಮ್ಮನ ಕೋಣೆಯ ಹಾಸಿಗೆಯನ್ನು ನಿನ್ನೆ ಬಿಸಿಲಿಗೆ ಹಾಕಿದೆ, ದಿಂಬಿನ ಚೀಲ ಬದಲಿಸಿದೆ. ಯಾರೂ ಬರುವವರಿಲ್ಲ, ಸುಮ್ಮನೆ. ದರ್ಜಿ ನೋಡಿ, “ಯಾರಮ್ಮ ಬರ್ತಿರೋದು?” ಎಂದ. ಗೊತ್ತಿಲ್ಲ ಎಂದೆ.

ಅಕ್ಕ


ಮೇ 3

ತಮ್ಮಾ,

ಒಳ್ಳೆಯ ಸುದ್ದಿ. ನಿನ್ನೆ ಬೆಳಗ್ಗೆ ಎಂಬತ್ತೆರಡು ಇತ್ತು. ಇವತ್ತು ಹೋಗಿ ನೋಡಿದರೆ ಮುಳ್ಳು ಸೊನ್ನೆಗೆ ಇಳಿದುಬಿಟ್ಟಿದೆ. ಕನ್ನಡಕ ಒರೆಸಿಕೊಂಡು ನೋಡಿದೆ, ಸೈಕಲ್‌ನವನನ್ನು ಕರೆದು ತೋರಿಸಿದೆ. ಸೊನ್ನೆಯೇ. ಮಳೆಯಿಲ್ಲ, ಏನಿಲ್ಲ, ನೀನು ಬರೆದಂತೆ ಕೆಳಗಿನಿಂದ ಬತ್ತಿಯ ಹಾಗೆ ಏರಿರಬೇಕು. ಎಲೆ ಇನ್ನೂ ಸುರುಟಿಕೊಂಡೇ ಇವೆ, ಅವಕ್ಕೆ ಸುದ್ದಿ ಮುಟ್ಟಲು ಹೊತ್ತು ಬೇಕೇನೋ.

ಹಾಗಾದರೆ ಆ ತಜ್ಞ ಹೇಳಿದ್ದೇ ಸರಿಯಾಯಿತಲ್ಲ. ನಾನು ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ತಪ್ಪು ನನ್ನದಾದರೆ ನನ್ನದೆಂದು ಹೇಳುವುದಕ್ಕೆ ನನಗೆ ನಾಚಿಕೆಯಿಲ್ಲ. ವರದಿಯ ಪ್ರತಿ ಸಿದ್ಧವಾಗಿದೆಯಂತೆ. ತೆಗೆದುಕೊಂಡು ಬರುವುದಿಲ್ಲ. ಈ ತಿಂಗಳ ಇಪ್ಪತ್ತಕ್ಕೆ ಕಚೇರಿಗೆ ಹೋಗಿ ಒಂಬತ್ತೂ ಅರ್ಜಿಗಳನ್ನು ಹಿಂದಕ್ಕೆ ಪಡೆಯುತ್ತೇನೆ. ಗುಮಾಸ್ತನಿಗೆ ಹಬ್ಬ. ಮಣ್ಣು ತಣಿದ ಅಂಕಿಯನ್ನು ತೋರಿಸಿ ಮರಗಳನ್ನು ಕಡಿಯಬೇಡಿ ಎಂದಷ್ಟೇ ಕೇಳಿಕೊಂಡು ಬರುತ್ತೇನೆ.

ಈ ಪತ್ರಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ. ನಿನಗೂ ಕೆಲಸವಿರುತ್ತದೆ.

ಅಕ್ಕ


ಮೇ 10

ಅಕ್ಕಾ,

ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಬೇಡ.

ಸೊನ್ನೆ ಎಂದರೆ ಮಣ್ಣು ತಣಿದದ್ದಲ್ಲ. ಎಂಬತ್ತು ದಾಟಿದ ಮೇಲೆ ಮಣ್ಣಿನ ಎಳೆತಕ್ಕೆ ಕೊಳವೆಯೊಳಗಿನ ನೀರು ತಾಳುವುದಿಲ್ಲ. ನೀರಿನ ಎಳೆ ತುಂಡಾಗುತ್ತದೆ, ಮೂತಿಯಿಂದ ಗಾಳಿ ನುಗ್ಗುತ್ತದೆ, ಮುಳ್ಳು ಒಮ್ಮೆಗೇ ಬಿದ್ದುಹೋಗುತ್ತದೆ. ಇದನ್ನು ಮೊದಲೇ ಬರೆಯಬೇಕಿತ್ತು. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುವ ಮಾತು. ಅಷ್ಟು ದೂರ ಹೋಗಲಾರದು ಅಂದುಕೊಂಡೆ. ಅಲ್ಲ, ಹೋಗದಿರಲಿ ಅಂದುಕೊಂಡೆ.

ನಿನ್ನ ಪತ್ರ ನಾಲ್ಕು ದಿನ ಜೇಬಿನಲ್ಲಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ನೀನು ಪ್ರತಿ ತರುತ್ತಿರಲಿಲ್ಲ, ಯಾರ ಸಹಿ ಎಂದು ನೋಡುತ್ತಿರಲಿಲ್ಲ, ಮುಂದಿನ ವರ್ಷ ನಾನು ನಿವೃತ್ತನಾಗುತ್ತಿದ್ದೆ.

ಸಹಿ ನನ್ನದು.

ನಾಲ್ಕು ವರ್ಷದ ಹಿಂದೆ, ಮರಗಳ ಬುಡಕ್ಕೆ ಕಾಂಕ್ರೀಟ್ ಹಾಕಬಹುದೇ ಎಂದು ನಗರಸಭೆಯಿಂದ ನಮ್ಮಲ್ಲಿಗೆ ಪ್ರಶ್ನೆ ಬಂತು. ಸ್ಥಳಕ್ಕೆ ಹೋಗಿ ಏಳು ಕಡೆ ಅಗೆದು ನೋಡಬೇಕು, ಅದು ನಿಯಮ. ಓಡಾಟದ ಖರ್ಚೂ ಮಂಜೂರಾಗಿತ್ತು. ಆ ಬೀದಿಗೆ ಬಂದು ಮನೆಗೆ ಬರದೆ ಹೋಗಲಾಗದು, ಮನೆಗೆ ಬರಲು ಧೈರ್ಯವಿರಲಿಲ್ಲ. ನಿನಗೆ ಬರೆದು ಮಣ್ಣು ತರಿಸಿಕೊಂಡೆ, ಯಾತಕ್ಕೆಂದು ಹೇಳಲಿಲ್ಲ. ನೀನು ಪೊಟ್ಟಣವನ್ನು ಎಷ್ಟು ಚೆನ್ನಾಗಿ ಕಟ್ಟಿದ್ದೆಯೆಂದರೆ ಒಳಗೆ ಬೆವರು ಕೂಡ ಆರಿರಲಿಲ್ಲ. ತೂಗಿದೆ, ಒಣಗಿಸಿದೆ, ಮತ್ತೆ ತೂಗಿದೆ. ಬೇಸಿಗೆಯ ಕೊನೆಗೆ ಅಷ್ಟು ತೇವ ಇರಲು ಸಾಧ್ಯವಿಲ್ಲ. ಮೂರು ಸಲ ಮಾಡಿದರೂ ಅದೇ ಅಂಕಿ. ಕೆಳಗೆಲ್ಲೋ ಒರತೆ ಇರಬೇಕು, ಇಲ್ಲವೇ ಕೊಳಾಯಿ ಸೋರುತ್ತಿರಬೇಕು ಎಂದುಕೊಂಡೆ. ಬಂದು ನೋಡಬೇಕಿತ್ತು. ಬರಲಿಲ್ಲ. ‘ಮರಗಳಿಗೆ ತೇವ ಕೆಳಗಿನಿಂದ ಒದಗುತ್ತಿದೆ’ ಎಂದು ಬರೆದು ಸಹಿ ಹಾಕಿದೆ. ಆ ತೇವ ಎಲ್ಲಿಂದ ಬಂತು ಎಂಬುದು ಇವತ್ತಿಗೂ ತಿಳಿಯದು.

ವರದಿಯನ್ನು ಹಿಂತೆಗೆದುಕೊಳ್ಳುವ ಪತ್ರವನ್ನು ನಗರಸಭೆಗೆ ಅಂಚೆಯಲ್ಲಿ ಕಳಿಸುತ್ತೇನೆ. ಅಷ್ಟು ಸಾಕಲ್ಲವೇ?

ತಮ್ಮ


ಮೇ 21

ತಮ್ಮಾ,

ನಿನ್ನ ಪತ್ರ ಬಂದ ದಿನ ಕೆಂಪು ಶಾಯಿಯ ಪೆನ್ನು ಹಿಡಿದು ಕೂತೆ. ತಿದ್ದುವಂಥದ್ದು ಒಂದೂ ಸಿಗಲಿಲ್ಲ. ಒಂದು ವಾರ ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ಈಗಲೂ ಇದ್ದೇನೆ. ಕಚೇರಿಗೆ ಹೋಗಿ ಪ್ರತಿ ತಂದೆ. ಕೊನೆಯ ಪುಟದಲ್ಲಿ ನಿನ್ನ ಸಹಿ ನೋಡಿ ಇಂಜಿನಿಯರಿಗೆ, “ಇವನೇ ನನ್ನ ತಮ್ಮ” ಎಂದೆ. ಆತ ಕುಡಿಯಲು ನೀರು ತರಿಸಿದ.

ತೇವ ಎಲ್ಲಿಂದ ಬಂತೆಂದು ತಿಳಿಯದು ಎಂದೆಯಲ್ಲ, ಹೇಳುತ್ತೇನೆ. ಒರತೆಯೂ ಅಲ್ಲ, ಕೊಳಾಯಿಯೂ ಅಲ್ಲ. ನಾನು.

ನೀನು ಮರ ನೋಡ್ಕೋ ಎಂದು ಹೇಳಿ ಹೋದ ಮರುದಿನದಿಂದ ದಿನಕ್ಕೊಂದು ಬಕೆಟ್, ತರಕಾರಿ ತೊಳೆದದ್ದು, ಬಟ್ಟೆ ಅಲುಬಿದ ಕೊನೆಯ ನೀರು, ಅದರ ಬುಡಕ್ಕೆ ಸುರಿಯುತ್ತ ಬಂದೆ. ಮನೆಯೆತ್ತರ ಬೆಳೆದ ಮರಕ್ಕೆ ಬಕೆಟ್ ನೀರು ಬೇಕಿಲ್ಲವೆಂದು ನನಗೂ ಗೊತ್ತು. ಮಣ್ಣಿನ ವಿಜ್ಞಾನಿಗೆ ಹೇಳಿದರೆ ನಗುತ್ತಾನೆಂದು ಹೇಳಲಿಲ್ಲ. ನೀನು ಮಣ್ಣು ಕೇಳಿದಾಗ ಹಾರೆ ಹಿಡಿದು ಹೊರಟೆ. ಮೊದಲನೇ ಮರದ ಹತ್ತಿರ ಅಗೆದರೆ ಕಲ್ಲಿನ ಹಾಗಿತ್ತು, ಎರಡನೆಯದರ ಹತ್ತಿರವೂ ಅಷ್ಟೇ. ನನ್ನ ಕೈಗೆ ಎರಡು ಅಡಿ ಮೆತ್ತಗೆ ಸಿಕ್ಕ ಜಾಗ ಒಂದೇ, ನಾನು ದಿನಾ ನೀರು ಸುರಿಯುವ ಜಾಗ. ಅದನ್ನೇ ಕಟ್ಟಿ ಕಳಿಸಿದೆ. ಬಾವಿಕಟ್ಟೆಯ ಮಣ್ಣು ಎಂದು ಬೈದೆನಲ್ಲ, ಆ ಬಾವಿಕಟ್ಟೆ ನಮ್ಮ ಮನೆಯದೇ. ಫೆಬ್ರವರಿಯ ಪತ್ರದಲ್ಲಿ ತರಕಾರಿ ನೀರು ಚರಂಡಿಗೆ ಹೋಗುತ್ತಿದೆ ಎಂದು ಬರೆದಿದ್ದೆ. ನೀನು ಓದಿದ್ದೀಯ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರು ಸಲ ತೂಗಿದೆಯಂತೆ. ನೀನು ತೂಗಿದ್ದು ನನ್ನ ಬಕೆಟ್ಟನ್ನು.

ಇನ್ನೊಂದು ಮಾತು ಉಳಿದಿದೆ. ಎಲ್ಲದರ ತಾರೀಕು ನೆನಪಿಟ್ಟುಕೊಂಡವಳು ಇದೊಂದನ್ನು ಎಂದೂ ಬರೆಯಲಿಲ್ಲ. ಹನ್ನೊಂದು ವರ್ಷದ ಹಿಂದೆ, ಸೆಪ್ಟೆಂಬರ್ ನಾಲ್ಕನೇ ತಾರೀಕು, ಅಮ್ಮ ಹೋಗಿ ಎರಡು ದಿನವಾದ ಮೇಲೆ ನೀನು ಬಂದೆ. ಪೆಟ್ಟಿಗೆ ಕೈಯಲ್ಲೇ ಇತ್ತು. ನಾನು ಬಾಗಿಲಿಗೆ ಅಡ್ಡ ನಿಂತು, “ಇನ್ನೇನು ನೋಡೋಕೆ ಬಂದೆ?” ಎಂದು ಕೇಳಿದೆ. ನೀನು ಪಕ್ಕಕ್ಕೆ ಸರಿದು ಒಳಗೆ ಹೋದೆ. ಮೂರು ದಿನವಿದ್ದು ಹೋದೆ, ಮತ್ತೆ ಬರಲಿಲ್ಲ. ಬಂದು ನೋಡಬೇಕಾದವನು ಯಾಕೆ ಬಂದು ನೋಡಲಿಲ್ಲ ಎಂದು ನಗರಸಭೆಯನ್ನು ಇಷ್ಟು ದಿನ ಕೇಳಿದೆನಲ್ಲ, ಅದರ ಅರ್ಧ ಉತ್ತರ ನನ್ನ ಬಾಗಿಲಲ್ಲೇ ಬಿದ್ದಿತ್ತು.

ಅಂಚೆಯಲ್ಲಿ ಪತ್ರ ಕಳಿಸಿದರೆ ಸಾಕೇ ಎಂದು ಕೇಳಿದ್ದೀಯ. ಸಾಲದು. ನಿನ್ನ ಪತ್ರವನ್ನು ಗುಮಾಸ್ತ ನನ್ನ ಒಂಬತ್ತು ಅರ್ಜಿಗಳ ಜೊತೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾನೆ. ಮೊದಲನೇ ಮರ ಹೋಯಿತೆಂದೇ ಲೆಕ್ಕ. ಮೂರನೆಯದರ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದೆ, ಒಳಗೆ ಇನ್ನೂ ಹಸಿರಿದೆ. ಸೈಕಲ್‌ನವನು ಕೊರೆದ ತೂತಿಗೆ ಬಕೆಟ್ ಬಗ್ಗಿಸುತ್ತಿದ್ದೇನೆ. ಆ ಮುಷ್ಟಿಯಗಲದ ತೂತಿನಿಂದ ಎಷ್ಟು ಇಳಿಯುತ್ತದೆ, ಎಷ್ಟು ದೂರ ಸರಿಯುತ್ತದೆ? ದಾರಿ ಕಡಿದ ಮೇಲೆ ನೀರು ತಾನಾಗಿ ಬರುವುದಿಲ್ಲ, ಬೇರು ತಾನೇ ಹೋಗಬೇಕು ಎಂದು ಬರೆದವನು ನೀನು.

ಜೂನ್ ಒಂಬತ್ತು, ಬೆಳಗ್ಗೆ ಹತ್ತೂವರೆ, ನಗರಸಭೆಯ ಮಹಡಿಯ ಸಭಾಂಗಣ. ಮೊದಲು ನಾನು ಎದ್ದು ನಿಂತು, ಮಣ್ಣು ಎಲ್ಲಿ ಅಗೆದೆ, ಯಾಕೆ ಅಲ್ಲೇ ಅಗೆದೆ ಎಂದು ಹೇಳುತ್ತೇನೆ. ನಗುವವರು ನಗಲಿ. ಆಮೇಲೆ ಈ ಬೀದಿಯ ನಿವಾಸಿಯಾಗಿ, ವರದಿಗೆ ಸಹಿ ಹಾಕಿದ ತಜ್ಞರನ್ನು ಹೆಸರು ಹಿಡಿದು ಕೇಳುತ್ತೇನೆ: ನೋಡದ ಮಣ್ಣಿಗೆ ಸಹಿ ಹಾಕಿದ್ದು ಯಾಕೆ? ನಗರಸಭೆಯವರನ್ನೂ ಕೇಳುತ್ತೇನೆ: ಆ ಕಾಂಕ್ರೀಟನ್ನು ಯಾವ ತಾರೀಕಿಗೆ ಒಡೆಸುತ್ತೀರಿ?

ಉತ್ತರವನ್ನು ಅಂಚೆಗೆ ಹಾಕಬೇಡ. ನನಗೆ ಕಿವಿ ಮಂದ, ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ಎದ್ದು ನಿಂತು, ಎಲ್ಲರ ಎದುರಿಗೆ, ನನಗೆ ಕೇಳಿಸುವ ಹಾಗೆ ಹೇಳು.

ನಿನ್ನ ಅಕ್ಕ